ಎರಡಕ್ಷರದ ಉಪನಾಮಕ್ಕೆ ಒಪ್ಪುವ ಹೆಸರು

ಮಗುವನ್ನು ಜ್ಞಾನಸ್ನಾನಕ್ಕೆಂದು ದೇವಾಲಯದ ಬಾಗಿಲಿಗೆ ಕರೆತಂದಾಗ ಗುರುಗಳು ತಾಯ್ತಂದೆಯರನ್ನು ಕೇಳುವ ಮೊತ್ತಮೊದಲ ಪ್ರಶ್ನೆ ಹೆಸರಿನ ಕುರಿತಾದುದು. ಈ ಮಗುವಿಗೆ ಏನೆಂದು ಹೆಸರಿಟ್ಟಿದ್ದೀರಿ ಎಂದು ಧರ್ಮಸಭೆ ಕೇಳುತ್ತದೆ. ವಿಶ್ವಾಸದ ಪ್ರಶ್ನೆ, ಪಾಪವನ್ನು ತ್ಯಜಿಸುವ ಪ್ರಶ್ನೆ, ಪವಿತ್ರ ಜಲ, ತೈಲ, ಬೆಳಕು ಇವೆಲ್ಲವೂ ಆ ಉತ್ತರದ ಅನಂತರ ಬರುತ್ತವೆ. ಒಂದೇ ಒಂದು ಪದದ ಆ ಉತ್ತರಕ್ಕಾಗಿ ಮನೆಗಳಲ್ಲಿ ವಾರಗಟ್ಟಲೆ ಚರ್ಚೆ, ಕೆಲವೊಮ್ಮೆ ಮನಸ್ತಾಪ, ಇನ್ನು ಕೆಲವೊಮ್ಮೆ ಕಣ್ಣೀರು ಕೂಡ ಹರಿದಿರುತ್ತದೆ ಎಂಬುದನ್ನು ಧರ್ಮಕೇಂದ್ರದ ಕಚೇರಿಯಲ್ಲಿ ಕುಳಿತವರು ಮಾತ್ರ ಬಲ್ಲರು.

ಇತ್ತೀಚಿನ ವರ್ಷಗಳಲ್ಲಿ ಎಳೆಯ ದಂಪತಿಗಳು ನಮ್ಮಲ್ಲಿಗೆ ಬಂದು ಕೇಳುವ ಪ್ರಶ್ನೆಯೊಂದಿದೆ. “ಫಾದರ್, ನಮ್ಮ ಉಪನಾಮ ತೀರಾ ಚಿಕ್ಕದು. ಯಾವ ಹೆಸರು ಇಟ್ಟರೂ ಕೇಳಲು ಸರಿಯಾಗುವುದಿಲ್ಲ. ನೀವೇ ಒಂದು ಹೆಸರು ಸೂಚಿಸಿ.” ಮೊದಮೊದಲು ಇದು ಕಾಲಹರಣದ ಪ್ರಶ್ನೆಯೆಂದೇ ನಾವು ಭಾವಿಸಿದ್ದೆವು. ನಿತ್ಯಜೀವಕ್ಕೆ ಕರೆಯಲ್ಪಟ್ಟ ಆತ್ಮವೊಂದರ ಹೆಸರು ಕಿವಿಗೆ ಇಂಪಾಗಿದ್ದರೇನು, ಇಲ್ಲದಿದ್ದರೇನು ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ಉಂಟು. ಈಗ ಹಾಗೆ ಭಾವಿಸುವುದಿಲ್ಲ. ನಮ್ಮ ಎಣಿಕೆಯನ್ನು ಬದಲಿಸಿದ್ದು ಒಂದು ಮನೆಯ ಘಟನೆ. ಆ ಕುಟುಂಬದವರ ಅನುಮತಿ ಪಡೆದು, ಗುರುತು ಮರೆಸಿ, ಅದನ್ನು ಇಲ್ಲಿ ನಿರೂಪಿಸುತ್ತಿದ್ದೇವೆ.

ಆ ಮನೆಯ ಉಪನಾಮ ಎರಡೇ ಅಕ್ಷರದ್ದು. ಮಗನಿಗೆ ಕೊಲ್ಲಿ ದೇಶದಲ್ಲಿ ನೌಕರಿ. ಹೆಂಡತಿ ಹೆರಿಗೆಗೆ ಊರಿಗೆ ಬಂದಿದ್ದಳು. ಚೊಚ್ಚಲ ಗಂಡುಮಗು ಹುಟ್ಟಿತು. ನಮ್ಮ ಕರಾವಳಿಯ ಅನೇಕ ಮನೆಗಳ ರೂಢಿಯಂತೆ ಚೊಚ್ಚಲ ಮೊಮ್ಮಗನಿಗೆ ತನ್ನ ಹೆಸರೇ ಬರುವುದೆಂದು ಅಜ್ಜ ಎಣಿಸಿದ್ದರು. ಅವರ ಹೆಸರು ಸಂತ ಸೆಬಾಸ್ಟಿಯನರದು. ಊರವರ ಬಾಯಲ್ಲಿ ಅವರು ಬಸ್ತ್ಯಾಂವ್. ಎಳೆಯ ದಂಪತಿಗಳು ಆರಿಸಿಕೊಂಡು ಬಂದದ್ದು ‘ಝೇಡೆನ್’ ಎಂಬ ಹೆಸರು. “ಸೆಬಾಸ್ಟಿಯನ್ ಎಂದರೆ ಹಳೆಯ ಕಾಲದ್ದಾಯಿತು, ಉದ್ದವೂ ಆಯಿತು” ಎಂದು ಸೊಸೆ. “ಚಿಕ್ಕ ಉಪನಾಮಕ್ಕೆ ಚಿಕ್ಕ ಹೆಸರೇ ಚೆಂದ” ಎಂದು ಮಗ. ಅಜ್ಜ ಏನೂ ಹೇಳಲಿಲ್ಲ. ನಾಲ್ಕು ದಿನ ಮನೆಯವರೊಂದಿಗೆ ಕುಳಿತು ಗಂಜಿ ಉಣ್ಣಲಿಲ್ಲ, ಅಷ್ಟೆ. ಜ್ಞಾನಸ್ನಾನ ಭಾನುವಾರಕ್ಕೆಂದು ನಿಶ್ಚಯವಾಗಿತ್ತು. ಗುರುವಾರ ಸಂಜೆ ಅಜ್ಜಿ ನಮ್ಮನ್ನು ಮನೆಗೆ ಕರೆಸಿಕೊಂಡರು. ಅಲ್ಲಿ ನಡೆದುದನ್ನು ಹೇಳುವ ಮುನ್ನ, ಈ ಚಿಕ್ಕ ಉಪನಾಮಗಳ ವಿಚಾರವನ್ನು ಸ್ವಲ್ಪ ಪರಿಶೀಲಿಸುವುದು ಉಚಿತ.

ಲೋಬೊ, ಪಿಂಟೊ, ರೇಗೊ, ವಾಸ್, ಪಾಯ್ಸ್, ಡಾಯಸ್ ಮುಂತಾದವು ನಮ್ಮಲ್ಲಿ ಬಳಕೆಯಲ್ಲಿರುವ ಚಿಕ್ಕ ಉಪನಾಮಗಳು. ಹದಿನಾರನೆಯ ಶತಮಾನದಿಂದ ಮೊದಲ್ಗೊಂಡು ಗೋವೆಯಲ್ಲಿ ಜ್ಞಾನಸ್ನಾನ ಪಡೆದ ನಮ್ಮ ಪೂರ್ವಿಕರಿಗೆ ಈ ಪೋರ್ಚುಗೀಸ್ ಉಪನಾಮಗಳು ಬಂದವು. ಜ್ಞಾನಸ್ನಾನ ಕೊಟ್ಟ ಗುರುವಿನ ಅಥವಾ ಜ್ಞಾನ ತಂದೆಯ ಉಪನಾಮವೇ ಕುಟುಂಬಕ್ಕೆ ನಿಲ್ಲುವುದು ಸಾಮಾನ್ಯವಾಗಿತ್ತು. ಆ ಭಾಷೆಯಲ್ಲಿ ಲೋಬೊ ಎಂದರೆ ತೋಳ, ಪಿಂಟೊ ಎಂದರೆ ಕೋಳಿಮರಿ, ರೇಗೊ ಎಂದರೆ ನೀರು ಹರಿಯುವ ಕಾಲುವೆ. ಕೊರ್ಡೇರೊ ಎಂಬ ಉಪನಾಮಕ್ಕೆ ಕುರಿಮರಿ ಎಂದರ್ಥ. ಲೋಬೊ ಮನೆಯ ವರನೂ ಕೊರ್ಡೇರೊ ಮನೆಯ ವಧುವೂ ಪೂಜಾಪೀಠದ ಮುಂದೆ ನಿಂತರೆ, ತೋಳವೂ ಕುರಿಮರಿಯೂ ಜೊತೆಯಾಗಿ ಬಾಳುವುವೆಂಬ ಯೆಶಾಯ ಪ್ರವಾದಿಯ ದರ್ಶನ ಅಲ್ಲಿಯೇ ನೆರವೇರಿತೆಂದು ಹೇಳಬಹುದು! ಡಾಯಸ್ ಎಂದರೆ ದಿಯೋಗೊವಿನ ಮಗ. ವಾಸ್ ಎಂದರೆ ವಾಸ್ಕೊವಿನ ಮಗ. ಹೀಗೆ ಪ್ರತಿಯೊಂದು ಚಿಕ್ಕ ಉಪನಾಮದೊಳಗೂ ಒಂದು ದೀರ್ಘ ಚರಿತ್ರೆ ಅಡಗಿದೆ. ಅದನ್ನು ನಾವು ಆರಿಸಿಕೊಂಡವರಲ್ಲ. ನಮ್ಮ ಕೈಯಲ್ಲಿರುವುದು ಅದರ ಮುಂದೆ ಬರುವ ಹೆಸರು ಮಾತ್ರ.

ಹಾಗಾದರೆ ಕಿವಿಯ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಕನ್ನಡದ ಛಂದಸ್ಸು ಅಕ್ಷರಗಳನ್ನು ಲಘು, ಗುರು ಎಂದು ವಿಂಗಡಿಸಿ ಮಾತ್ರೆಗಳಲ್ಲಿ ಅಳೆಯುತ್ತದೆ. ಆ ಲೆಕ್ಕದಲ್ಲಿ ‘ಲೋಬೊ’ ಮೂರು ಮಾತ್ರೆ, ‘ವಾಸ್’ ಎರಡೇ ಮಾತ್ರೆ. ಇಷ್ಟು ಗಿಡ್ಡ ಪದದ ಮುಂದೆ ಮತ್ತೊಂದು ಗಿಡ್ಡ ಪದವನ್ನಿಟ್ಟರೆ, ಹೇಳಲು ತೊಡಗುವಷ್ಟರಲ್ಲಿ ಹೆಸರು ಮುಗಿದುಹೋಗುತ್ತದೆ. ಎರಡು ಕಲ್ಲುಗಳನ್ನು ಒಂದಕ್ಕೊಂದು ತಟ್ಟಿದ ಸದ್ದಿನಂತೆ ಅದು ಕೇಳಿಸುತ್ತದೆ. ಅದೇ ಉಪನಾಮದ ಮುಂದೆ ಸೆಬಾಸ್ಟಿಯನ್, ಅಲೋಶಿಯಸ್, ಎಲಿಜಬೆತ್, ವೆರೋನಿಕಾ, ಕ್ಯಾಥರಿನ್ ಮುಂತಾದ ಮೂರು ನಾಲ್ಕು ಅಕ್ಷರಗಳ ಹೆಸರನ್ನು ಇಟ್ಟು ನೋಡಿ. ನಾಲಿಗೆ ಸ್ವಲ್ಪ ದೂರ ನಡೆದು ಚಿಕ್ಕದೊಂದು ಮೆಟ್ಟಿಲ ಮೇಲೆ ಕುಳಿತಂತಾಗುತ್ತದೆ. ಚಿಕ್ಕ ಉಪನಾಮಕ್ಕೆ ಚಿಕ್ಕ ಹೆಸರೇ ಚೆಂದವೆಂಬುದು ಹಲವರ ನಂಬಿಕೆ. ಕಿವಿ ಹೇಳುವುದು ಬಹುಪಾಲು ಇದಕ್ಕೆ ವಿರುದ್ಧವಾದುದನ್ನು. ಉಪನಾಮ ಗಿಡ್ಡವಾದಷ್ಟೂ ಅದರ ಮುಂದಿನ ಹೆಸರಿಗೆ ಸ್ಥಳಾವಕಾಶ ಹೆಚ್ಚು.

ಎರಡನೆಯದು ಪ್ರಾಸದ ತೊಡಕು. ಕವಿತೆಗೆ ಅಲಂಕಾರವಾದ ಪ್ರಾಸ ಹೆಸರಿಗೆ ಹಾಸ್ಯವಾಗುವುದುಂಟು. ಜಾಯ್ಸ್ ಎಂಬುದು ಒಳ್ಳೆಯ ಹೆಸರು, ಪಾಯ್ಸ್ ಒಳ್ಳೆಯ ಮನೆತನ. ಎರಡನ್ನೂ ಜೋಡಿಸಿದರೆ ಶಾಲೆಯ ಮಕ್ಕಳಿಗೆ ಹಾಡು ಸಿಕ್ಕಂತಾಯಿತು. ಲೂಕಸ್ ಡಾಯಸ್, ಮಾರಿಯೊ ರೇಗೊ ಎಂಬ ಜೋಡಣೆಗಳಲ್ಲಿಯೂ ಕೊನೆಯ ಸ್ವರ ಮರುಕಳಿಸುವುದನ್ನು ಗಮನಿಸಬಹುದು. ಉಪನಾಮ ಉದ್ದವಾಗಿದ್ದರೆ ಈ ಮರುಕಳಿಕೆ ಅಡಗಿಹೋಗುತ್ತದೆ. ಗಿಡ್ಡವಾಗಿದ್ದರೆ ಎದ್ದು ಕಾಣುತ್ತದೆ.

ಮೂರನೆಯದು ಸಂಧಿಸ್ಥಾನ. ಹೆಸರಿನ ಕೊನೆಯ ವ್ಯಂಜನವೂ ಉಪನಾಮದ ಮೊದಲ ವ್ಯಂಜನವೂ ಒಂದೇ ಆಗಿದ್ದರೆ ಬೇಗ ಹೇಳುವಾಗ ಒಂದು ಇನ್ನೊಂದನ್ನು ನುಂಗುತ್ತದೆ. ಫಿಲಿಪ್ ಎಂಬ ಹೆಸರು ಪಿಂಟೊ ಮನೆಗೆ ಬಂದರೆ ಕೇಳುವವನಿಗೆ ‘ಫಿಲಿ’ ಎಂದೇ ಕೇಳಿಸೀತು. ಡೇವಿಡ್ ಎಂಬುದು ಡಾಯಸ್ ಮನೆಯಲ್ಲಿ ‘ಡೇವಿ’ ಆದೀತು. ನಾಲ್ಕನೆಯದು ನಮ್ಮ ಊರ ಭಾಷೆಗಳ ಕಿವಿ. ನಮ್ಮ ಮಕ್ಕಳು ಕೊಂಕಣಿ, ತುಳು, ಕನ್ನಡಗಳ ನಡುವೆ ಬೆಳೆಯುವವರು. ತರಗತಿಯಲ್ಲಿ ಪಾಯ್ಸ್ ‘ಪಾಯಸ’ವಾಗುವುದು, ವಾಸ್ ‘ಉಪವಾಸ’ವಾಗುವುದು, ಲೋಬೊ ‘ಲೋಭಿ’ಯಾಗುವುದು ಹೊಸದೇನಲ್ಲ. ಮುಂದಿನ ಹೆಸರು ಆ ಕೀಟಲೆಗೆ ಕುಮ್ಮಕ್ಕು ಕೊಡದಂತೆ ನೋಡಿಕೊಂಡರೆ ಸಾಕು. ಕೆಲವೊಮ್ಮೆ ಈ ಜೋಡಣೆ ವರವೂ ಆಗುತ್ತದೆ. ಶಾಂತಿ ಎಂಬ ಹೆಣ್ಣುಮಗು ವಾಸ್ ಮನೆಯಲ್ಲಿ ಹುಟ್ಟಿದರೆ ಶಾಂತಿಯ ವಾಸಸ್ಥಾನವೆಂಬ ಅರ್ಥ ತಾನಾಗಿಯೇ ಒದಗುತ್ತದೆ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ಇಂತಹ ಹೆಸರುಗಳನ್ನು ಈಗಾಗಲೇ ಹೊತ್ತು ಗೌರವದಿಂದ ಬಾಳುತ್ತಿರುವವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಅವರ ಬಾಳು ಆ ಹೆಸರಿಗೆ ಕೊಟ್ಟಿರುವ ತೂಕವನ್ನು ಯಾವ ಛಂದಸ್ಸೂ ಕೊಡಲಾರದು. ನಾವು ಹೇಳುತ್ತಿರುವುದು ಇನ್ನೂ ಹೆಸರಿಡದ ಮಕ್ಕಳ ವಿಚಾರ.

ಇಷ್ಟನ್ನು ಕಿವಿಗೆ ಬಿಟ್ಟುಕೊಟ್ಟ ಮೇಲೆ ಬುದ್ಧಿಯ ಪ್ರಶ್ನೆಗೆ ಬರಬೇಕು. ಹೆಸರು ಎಂದರೇನು? ಪ್ಲೇಟೊ ತನ್ನ ‘ಕ್ರಾಟಿಲಸ್’ ಎಂಬ ಸಂವಾದದಲ್ಲಿ ಇದೇ ಪ್ರಶ್ನೆಯನ್ನು ಚರ್ಚೆಗೆ ತಂದಿದ್ದಾನೆ. ಪ್ರತಿಯೊಂದಕ್ಕೂ ಅದರ ಸ್ವಭಾವಕ್ಕೆ ತಕ್ಕ ನಿಜವಾದ ಹೆಸರೊಂದಿದೆ ಎನ್ನುತ್ತಾನೆ ಒಬ್ಬ. ಹೆಸರೆಂಬುದು ಜನರ ಒಪ್ಪಂದ ಮಾತ್ರ, ಹೇಗೂ ಇಡಬಹುದು ಎನ್ನುತ್ತಾನೆ ಇನ್ನೊಬ್ಬ. ಸಾಕ್ರೆಟಿಸ್ ಇಬ್ಬರ ವಾದವನ್ನೂ ಶೋಧಿಸುತ್ತಾನೆ, ಯಾರಿಗೂ ಪೂರ್ಣ ಜಯವನ್ನು ಕೊಡುವುದಿಲ್ಲ. ಇಂದು ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಯೂ ಇದೇ ಅಲ್ಲವೇ? “ಕೇಳಲು ಚೆಂದವಿದ್ದರೆ ಸಾಕು, ಅರ್ಥ ಯಾರಿಗೆ ಬೇಕು” ಎನ್ನುವ ಮಗ ಒಂದು ಪಕ್ಷ. “ಹೆಸರಿಗೆ ಮೂಲ ಬೇಡವೇ” ಎನ್ನುವ ಅಜ್ಜ ಇನ್ನೊಂದು ಪಕ್ಷ.

ಸಂತ ಥಾಮಸ್ ಅಕ್ವಿನಾಸರು ತಮ್ಮ ಬೃಹದ್ಗ್ರಂಥದಲ್ಲಿ ಯೇಸುಸ್ವಾಮಿಯ ನಾಮಕರಣವನ್ನು ವಿವೇಚಿಸುವಾಗ ಈ ವಿಷಯದಲ್ಲಿ ಬಹು ಸರಳವಾದ ವಿಚಾರವೊಂದನ್ನು ಮಂಡಿಸಿದ್ದಾರೆ. ಅವರ ಅಭಿಪ್ರಾಯದಲ್ಲಿ, ಮನುಷ್ಯರಿಗೆ ಇಡುವ ಹೆಸರು ಆಯಾ ವ್ಯಕ್ತಿಗೆ ಸಂಬಂಧಿಸಿದ ಯಾವುದಾದರೊಂದು ಸಂಗತಿಯಿಂದ ಬರುತ್ತದೆ. ಹುಟ್ಟಿದ ದಿನದ ಸಂತರಿಂದ ಬರಬಹುದು, ರಕ್ತಸಂಬಂಧಿಯೊಬ್ಬರಿಂದ ಬರಬಹುದು, ಹುಟ್ಟಿದ ಸಂದರ್ಭದ ಘಟನೆಯೊಂದರಿಂದ ಬರಬಹುದು, ಇಲ್ಲವೇ ಮಗುವಿನಲ್ಲಿ ಕಂಡ ಗುಣವೊಂದರಿಂದ ಬರಬಹುದು. ಏಳುನೂರೈವತ್ತು ವರ್ಷಗಳ ಹಿಂದಿನ ಈ ವಿಂಗಡಣೆ ನಮ್ಮ ಮನೆಗಳಿಗೂ ಅಕ್ಷರಶಃ ಒಪ್ಪುತ್ತದೆ. ಸಂತರ ಹಬ್ಬ, ಅಜ್ಜ ಅಜ್ಜಿ, ಹುಟ್ಟಿನ ಸಂದರ್ಭ, ಮಗುವಿನ ಲಕ್ಷಣ ಇವು ನಾಲ್ಕೂ ಮಗುವನ್ನು ಯಾವುದೋ ಒಂದಕ್ಕೆ ಕಟ್ಟುತ್ತವೆ. ಸದ್ದಿಗಾಗಿ ಮಾತ್ರ ಆರಿಸಿದ ಹೆಸರು ಮಗುವನ್ನು ಯಾವುದಕ್ಕೂ ಕಟ್ಟುವುದಿಲ್ಲ. ಅದು ಪಾಪವಲ್ಲ, ಆದರೆ ನಷ್ಟ.

ಪವಿತ್ರ ಗ್ರಂಥವು ಈ ಮನೆಜಗಳವನ್ನು ನಮಗಿಂತ ಮೊದಲೇ ಕಂಡಿದೆ. ಸಂತ ಲೂಕರ ಶುಭಸಂದೇಶದ ಮೊದಲ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಎಂಟನೆಯ ದಿನ ನೆಂಟರಿಷ್ಟರೆಲ್ಲ ಸೇರಿ ಮಗುವಿಗೆ ತಂದೆಯ ಹೆಸರನ್ನೇ ಇಡಲು ಹೊರಟರು. ತಾಯಿ ಎಲಿಜಬೇತಳು ಒಪ್ಪಲಿಲ್ಲ. ಯೊವಾನ್ನ ಎಂದೇ ಇಡಬೇಕೆಂದಳು. ನಿಮ್ಮ ಬಂಧುಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ನೆಂಟರು ಆಕ್ಷೇಪಿಸಿದರು. ಮೂಕನಾಗಿದ್ದ ಜಕರೀಯನು ಹಲಗೆಯನ್ನು ತರಿಸಿ ಅದರ ಮೇಲೆ ಯೊವಾನ್ನ ಎಂಬ ಹೆಸರನ್ನು ಬರೆದಾಗ ಅವನ ನಾಲಿಗೆ ಸಡಿಲವಾಯಿತು. ಆದ್ದರಿಂದ ಅಜ್ಜನ ಹೆಸರನ್ನೇ ಇಡಬೇಕೆಂಬುದು ದೇವರ ಕಟ್ಟಳೆಯೆಂದು ಯಾವ ಹಿರಿಯರೂ ವಾದಿಸುವಂತಿಲ್ಲ. ಇತ್ತ ಎಳೆಯರು ಗಮನಿಸಬೇಕಾದ ಅಂಶವೂ ಅಲ್ಲಿದೆ. ರೂಢಿಯನ್ನು ಮುರಿದ ಆ ಹೆಸರು ಮೇಲಿಂದ ಬಂದುದಾಗಿತ್ತು. ‘ದೇವರು ಕೃಪಾಳು’ ಎಂಬ ಅರ್ಥವನ್ನು ಹೊತ್ತಿತ್ತು. ರೂಢಿಗಿಂತ ದೊಡ್ಡದೊಂದು ಕಾರಣ ಅಲ್ಲಿತ್ತು.

ಇನ್ನೊಂದು ಪ್ರಸಂಗ ಆದಿಕಾಂಡದಲ್ಲಿದೆ. ಹೆರಿಗೆಯಲ್ಲಿ ಪ್ರಾಣ ಬಿಡುತ್ತಿದ್ದ ರಾಖೇಲಳು ಮಗುವಿಗೆ ಬೆನೋನಿ, ಅಂದರೆ ‘ನನ್ನ ದುಃಖದ ಮಗ’ ಎಂದು ಹೆಸರಿಟ್ಟಳು. ತಂದೆ ಯಕೋಬನು ಅದನ್ನು ಬೆನ್ಯಾಮೀನ್, ‘ಬಲಗೈಯ ಮಗ’ ಎಂದು ಬದಲಿಸಿದನು. ತಾಯಿಯ ನೋವನ್ನು ಅವನು ಅಲ್ಲಗಳೆಯಲಿಲ್ಲ. ಆದರೆ ಆ ನೋವನ್ನು ಬಾಳಿಡೀ ಕೂಗಿ ಕರೆಯುವ ಹೊರೆ ಮಗುವಿನ ಮೇಲೆ ಬೀಳಬಾರದೆಂದು ಆ ತಂದೆ ಕಂಡುಕೊಂಡನು. ನಮ್ಮ ಹರಕೆ, ನಮ್ಮ ದುಃಖ, ನಮ್ಮ ಷೋಕಿ ಇವುಗಳಲ್ಲಿ ಯಾವುದನ್ನು ಮಗುವಿನ ಹೆಗಲಿಗೆ ಏರಿಸುತ್ತಿದ್ದೇವೆ ಎಂಬುದನ್ನು ಹೆಸರಿಡುವ ಮುನ್ನ ಪ್ರತಿಯೊಬ್ಬ ತಾಯ್ತಂದೆಯೂ ಒಮ್ಮೆ ಯೋಚಿಸಬೇಕು.

ಧರ್ಮಸಭೆಯ ನಿಯಮವೇನೆಂದು ಹಲವರು ಕೇಳುತ್ತಾರೆ. 1917ರ ಧರ್ಮಸಭಾ ಕಾನೂನಿನಲ್ಲಿ ಕ್ರೈಸ್ತ ಹೆಸರನ್ನೇ ಇಡುವಂತೆ ನೋಡಿಕೊಳ್ಳುವ ಹೊಣೆಯನ್ನು ಧರ್ಮಕೇಂದ್ರದ ಗುರುವಿಗೆ ವಹಿಸಲಾಗಿತ್ತು. ತಾಯ್ತಂದೆಯರು ಒಪ್ಪದಿದ್ದರೆ ಅವರು ಆರಿಸಿದ ಹೆಸರಿನೊಂದಿಗೆ ಸಂತರೊಬ್ಬರ ಹೆಸರನ್ನು ಸೇರಿಸಿ, ಎರಡನ್ನೂ ಪುಸ್ತಕದಲ್ಲಿ ದಾಖಲಿಸಬೇಕಾಗಿತ್ತು. 1983ರ ಕಾನೂನಿನ 855ನೆಯ ವಿಧಿ ಹೆಚ್ಚು ಉದಾರವಾದುದು. ಕ್ರೈಸ್ತ ಭಾವನೆಗೆ ಹೊರತಾದ ಹೆಸರನ್ನು ಇಡದಂತೆ ತಾಯ್ತಂದೆಯರು, ಜ್ಞಾನ ತಂದೆ ತಾಯಿಯರು ಮತ್ತು ಗುರುಗಳು ಎಚ್ಚರ ವಹಿಸಬೇಕೆಂದಷ್ಟೇ ಅದು ವಿಧಿಸುತ್ತದೆ. ಆದ್ದರಿಂದ ಪ್ರಕಾಶ್, ಜ್ಯೋತಿ, ಕೃಪಾ, ದಯಾ ಮುಂತಾದ ನಮ್ಮ ನಾಡಿನ ಹೆಸರುಗಳಿಗೆ ಯಾವ ಅಡ್ಡಿಯೂ ಇಲ್ಲ. 2022ರ ಮೇ 15ರಂದು ಸಂತ ಪದವಿಗೇರಿದ ದೇವಸಹಾಯರ ಹೆಸರೇ ಇದಕ್ಕೆ ಸಾಕ್ಷಿ. 1745ರಲ್ಲಿ ಅವರಿಗೆ ಜ್ಞಾನಸ್ನಾನದಲ್ಲಿ ಕೊಟ್ಟ ಆ ಹೆಸರು ಬೈಬಲಿನ ಲಾಜರ ಎಂಬ ಹೆಸರಿನ ನೇರ ಅನುವಾದ. ಕರ್ನಾಟಕದ ಒಳನಾಡಿನ ಕಥೋಲಿಕರಲ್ಲಿ ಪೇತ್ರರು ರಾಯಪ್ಪ ಆದರು, ಇಗ್ನಾಸಿಯವರು ಇನ್ನಾಸಪ್ಪ ಆದರು, ಸಂತ ಕ್ಸೇವಿಯರರು ಚೌರಪ್ಪ ಆದರು. ಕರಾವಳಿಯಲ್ಲಿ ಅದೇ ಪೇತ್ರರು ಪೆದ್ರು, ಪೌಲರು ಪಾವ್ಲು, ಯೊವಾನ್ನರು ಜುವಾಂವ್. ಒಂದೇ ಸಂತರ ಹೆಸರು ಊರೂರಿನ ನಾಲಿಗೆಗೆ ತಕ್ಕಂತೆ ಮಣಿದಿದೆ. ಹೀಗಿರುವಾಗ ಚಿಕ್ಕ ಉಪನಾಮಕ್ಕೆ ಹೊಂದುವ ರೂಪವನ್ನು ಆ ಭಂಡಾರದಲ್ಲಿಯೇ ಹುಡುಕುವುದು ಕಷ್ಟವಲ್ಲ. ಅಜ್ಜಿಯ ಹೆಸರು ಎಲಿಜಬೆತ್ ಆಗಿದ್ದರೆ ಇಸಾಬೆಲ್ ಕೂಡ ಅದೇ ಸಂತಳ ಹೆಸರು. ಅಜ್ಜ ಜುವಾಂವ್ ಆಗಿದ್ದರೆ ಜಾನ್, ಇವಾನ್, ಶಾನ್ ಎಲ್ಲವೂ ಅದೇ ಯೊವಾನ್ನರ ಹೆಸರುಗಳು.

ಚಿಕ್ಕ ಉಪನಾಮದ ಮನೆಗಳಿಗೆ ಒಬ್ಬ ಸಂತರು ವಿಶೇಷವಾಗಿ ನೆನಪಾಗಬೇಕು. ಅವರು ಸಂತ ಜೋಸೆಫ್ ವಾಜ್. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿ, 1681ರಿಂದ 1684ರವರೆಗೆ ನಮ್ಮ ಈ ಕೆನರಾ ಪ್ರದೇಶದಲ್ಲಿ ಸೇವೆ ಸಲ್ಲಿಸಿ, ಮುಂದೆ ಶ್ರೀಲಂಕಾದ ಪ್ರೇಷಿತರೆನಿಸಿ, 1711ರಲ್ಲಿ ಕ್ಯಾಂಡಿಯಲ್ಲಿ ದೈವಾಧೀನರಾದವರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಮುಡಿಪುವಿನ ಗುಡ್ಡದ ಮೇಲಿನ ಅವರ ಪುಣ್ಯಕ್ಷೇತ್ರಕ್ಕೆ ನಮ್ಮವರು ಇಂದಿಗೂ ಹೋಗುತ್ತಾರೆ. ಅವರ ಉಪನಾಮ ಎರಡು ಮಾತ್ರೆಯದು. ಹೆಸರು ನಮ್ಮ ಊರಿನಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದುದು. ಜೋಸೆಫ್ ಎಂಬ ಹೆಸರಿನಲ್ಲಿ ಹೊಸತನವಿಲ್ಲ, ವಾಜ್ ಎಂಬುದರಲ್ಲಿ ಗಾಂಭೀರ್ಯವಿಲ್ಲ ಎಂದು ಯಾರಾದರೂ ಹೇಳಿಯಾರೇ? ಹೆಸರಿಗೆ ಕೊನೆಯ ಮಾತ್ರೆಯನ್ನು ಸೇರಿಸುವುದು ಹೊತ್ತವನ ಬಾಳು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಹದಿನೈದರ ಬಾಲಕ ಕಾರ್ಲೊ ಅಕ್ಯೂಟಿಸನ ವಿಷಯದಲ್ಲಿಯೂ ಇದೇ ಮಾತು ಸತ್ಯ.

ಇನ್ನು ಲೌಕಿಕವಾದ ಒಂದು ಎಚ್ಚರಿಕೆ. ಹಿಂದೆ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಊರಿನಲ್ಲಿ ಮತ್ತೊಂದು ಇದ್ದರೂ ಜೀವನ ಸಾಗುತ್ತಿತ್ತು. ಇಂದು ಸಾಗದು. ತಿದ್ದುಪಡಿಯಾದ ಜನನ ಮರಣ ನೋಂದಣಿ ಕಾಯ್ದೆಯಂತೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ ಮುಂತಾದವುಗಳಿಗೆ ಹುಟ್ಟಿದ ದಿನಾಂಕ ಮತ್ತು ಸ್ಥಳವನ್ನು ಸಾಬೀತುಪಡಿಸುವ ದಾಖಲೆ ಜನನ ಪ್ರಮಾಣಪತ್ರವೇ. ಜನನವನ್ನು 21 ದಿನಗಳೊಳಗೆ ತಿಳಿಸಬೇಕು ನಿಜ. ಆದರೆ ಹೆಸರಿಲ್ಲದೆಯೂ ಅದನ್ನು ನೋಂದಾಯಿಸಲು ಅವಕಾಶವಿದೆ. ಹೆಸರನ್ನು ಅನಂತರ ಸೇರಿಸಬಹುದು, ಹನ್ನೆರಡು ತಿಂಗಳೊಳಗಾದರೆ ಶುಲ್ಕವೂ ಇಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಗಡಿಬಿಡಿಯಲ್ಲಿ ಬಾಯಿಗೆ ಬಂದ ಹೆಸರನ್ನು ಬರೆಸಿ, ಜ್ಞಾನಸ್ನಾನಕ್ಕೆ ಬೇರೊಂದನ್ನು ಹೇಳಿ, ಮುಂದೆ ಮದುವೆಯ ಕಾಲದಲ್ಲಿ ಪ್ರಮಾಣಪತ್ರಗಳನ್ನು ತಿದ್ದಿಸಲು ಓಡಾಡುವುದಕ್ಕಿಂತ ಎರಡು ವಾರ ಕಾಯುವುದು ಲೇಸು.

ಉಪನಾಮ ಚಿಕ್ಕದೆಂದು ಅದನ್ನು ಬಿಟ್ಟೇಬಿಡುವ ಪ್ರವೃತ್ತಿಯೂ ಕಾಣಿಸಿಕೊಂಡಿದೆ. ಹೆಸರಿನ ಮುಂದೆ ಒಂದು ಇನಿಷಿಯಲ್ ಇಟ್ಟರೆ ಸಾಕೆಂದು ಕೆಲವರ ಅಭಿಪ್ರಾಯ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಸರಕಾರವು ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ಹಾಗೂ ಭೇಟಿ ವೀಸಾದ ಮೇಲೆ ಪ್ರವೇಶವನ್ನು ತಡೆಹಿಡಿದಾಗ ನಮ್ಮ ಎಷ್ಟೋ ಕುಟುಂಬಗಳು ಕಂಗಾಲಾದುದು ನೆನಪಿರಬಹುದು. ಪಾಸ್‌ಪೋರ್ಟಿನಲ್ಲಿ ಹೆಸರಿಗೊಂದು, ಉಪನಾಮಕ್ಕೊಂದು ಎಂಬಂತೆ ಎರಡು ಸ್ಥಾನಗಳಿವೆ. ನಮ್ಮ ಪೂರ್ವಿಕರು ನಮಗೆ ಬಿಟ್ಟುಹೋದ ಎರಡಕ್ಷರ ಆ ಸ್ಥಾನವನ್ನು ಅಂದವಾಗಿ ತುಂಬುತ್ತದೆ. ಅದೇ ರೀತಿ ಇಂಗ್ಲಿಷ್ ಅಕ್ಷರಗಳ ಜೋಡಣೆಯಲ್ಲಿ ವಿಚಿತ್ರವನ್ನು ಹುಡುಕುವುದೂ ಬೇಡ. ಸಾಮಾನ್ಯ ಹೆಸರಿಗೆ ಅಸಾಮಾನ್ಯ ಕಾಗುಣಿತವಿದ್ದರೆ ಆ ಮಗು ತನ್ನ ಬಾಳಿಡೀ ಪ್ರತಿಯೊಂದು ಕಚೇರಿಯಲ್ಲೂ ಹೆಸರನ್ನು ಅಕ್ಷರ ಬಿಡಿಸಿ ಹೇಳುತ್ತಿರಬೇಕಾಗುತ್ತದೆ.

ಈಗ ಆ ಗುರುವಾರದ ಸಂಜೆಗೆ ಮರಳೋಣ. ನಾವು ಹೋದಾಗ ಮನೆಯವರೆಲ್ಲ ಚಾವಡಿಯಲ್ಲಿದ್ದರು. ಅಜ್ಜ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಉಪದೇಶ ಮಾಡುವ ಧೈರ್ಯ ನಮಗೆ ಬರಲಿಲ್ಲ. ತೊಟ್ಟಿಲ ಬಳಿಗೆ ಹೋಗಿ ಮಗುವನ್ನು ಹೊಸ ಹೆಸರಿನಿಂದ ಒಮ್ಮೆ ಕರೆಯುವಂತೆ ಅಜ್ಜನನ್ನು ಕೇಳಿಕೊಂಡೆವು. ಅವರು ಎದ್ದು ಬಂದರು. ಬಾಯಲ್ಲಿ ಹಲ್ಲುಗಳು ಕಡಿಮೆ. ಎರಡು ಬಾರಿ ಪ್ರಯತ್ನಿಸಿದರು. ಮೂರನೆಯ ಬಾರಿ “ಜೇಡ” ಎಂದರು. ಸೊಸೆ ತಡೆಯಲಾರದೆ ನಕ್ಕಳು. ಅಜ್ಜನ ಮುಖವನ್ನು ಕಂಡೊಡನೆ ಆ ನಗು ನಿಂತುಹೋಯಿತು.

“ನನ್ನ ಹೆಸರೇ ಆಗಬೇಕೆಂದು ನಾನು ಹೇಳುವುದಿಲ್ಲ ಫಾದರ್” ಎಂದರು ಅಜ್ಜ. “ನನಗೆ ಕರೆಯಲು ಬರುವ ಹೆಸರು ಇಡಲಿ. ಅವರು ಮತ್ತೆ ವಿಮಾನ ಹತ್ತಿ ಹೋಗುವವರು. ನಾನು ಫೋನಿನಲ್ಲಿ ಕರೆದರೆ ಆ ಮಗು ತಿರುಗಿ ನೋಡಬೇಕಲ್ಲ.”

ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾವು ಮಗನನ್ನು ಅಂಗಳಕ್ಕೆ ಕಳುಹಿಸಿ, ಎರಡು ಹೆಸರುಗಳನ್ನೂ ಉಪನಾಮದೊಂದಿಗೆ ಸೇರಿಸಿ, ದೂರದಲ್ಲಿ ಆಡುತ್ತಿರುವ ಮಗನನ್ನು ಊಟಕ್ಕೆ ಕರೆಯುವಂತೆ ಗಟ್ಟಿಯಾಗಿ ಕೂಗಲು ಹೇಳಿದೆವು. ಮೊದಲನೆಯದು ತೋಟದ ಅಂಚನ್ನು ಮುಟ್ಟುವ ಮೊದಲೇ ಮುಗಿದಿತ್ತು. ಎರಡನೆಯದನ್ನು ಕೂಗುವಾಗ ಸೆಬಾಸ್ಟಿಯನ್ ಎಂಬುದು ಉದ್ದಕ್ಕೆ ಹೋಗಿ, ಮನೆತನದ ಎರಡಕ್ಷರದ ಮೇಲೆ ಗಟ್ಟಿಯಾಗಿ ನಿಂತಿತು. ಮಗನೇ ಒಂದು ಕ್ಷಣ ತಬ್ಬಿಬ್ಬಾಗಿ ಮನೆಯತ್ತ ನೋಡಿದನು. ಅಜ್ಜಿ ಒಳಗಿನಿಂದ “ಹಾಗೆಯೇ ಕೂಗುತ್ತಿದ್ದರು ನನ್ನ ಅತ್ತೆ” ಎಂದರು.

ತೀರ್ಮಾನವನ್ನು ಹೇಳಿದ್ದು ಸೊಸೆ. ಪುಸ್ತಕಕ್ಕೆ ಸೆಬಾಸ್ಟಿಯನ್ ಎಂದಾಗಲಿ, ಮನೆಯಲ್ಲಿ ಸೆಬಿ ಎಂದು ಕರೆಯುತ್ತೇವೆ ಎಂದಳು. ಬಸ್ತ್ಯಾಂವ್ ಎಂದೂ ಕರೆಯಬಹುದಲ್ಲ ಎಂದು ನಾವು ತಮಾಷೆಗೆ ಹೇಳಿದಾಗ ಅಜ್ಜ ಕೈಯಾಡಿಸಿಬಿಟ್ಟರು. “ಬೇಡ ಫಾದರ್, ಬಸ್ತ್ಯಾಂವ್ ನನ್ನೊಂದಿಗೇ ಹೋಗಲಿ. ಸಂತರ ಹೆಸರು ಅವನಿಗಿರಲಿ.” ಭಾನುವಾರ ದೇವಾಲಯದ ಬಾಗಿಲಲ್ಲಿ ನಾವು ಹೆಸರನ್ನು ಕೇಳಿದಾಗ ತಾಯ್ತಂದೆಯರಿಗಿಂತ ಮೊದಲೇ ಹಿಂದಿನಿಂದ ಅಜ್ಜನ ದನಿ ಕೇಳಿಬಂತು. ವಿಧಿಗೆ ಅದು ಸರಿಯಲ್ಲವಾದ್ದರಿಂದ ಮತ್ತೊಮ್ಮೆ ತಾಯ್ತಂದೆಯರಿಂದ ಹೇಳಿಸಿದೆವು.

ಪ್ರತಿಯೊಂದು ಮನೆಯಲ್ಲೂ ಇದೇ ರೀತಿ ಇತ್ಯರ್ಥವಾಗಬೇಕೆಂದು ನಾವು ಹೇಳುತ್ತಿಲ್ಲ. ಕೆಲವು ಕಡೆ ಅಜ್ಜನೇ ಮಣಿಯಬೇಕಾಗುತ್ತದೆ; ಹೆಸರಿಡುವ ಹಕ್ಕೂ ಹೊಣೆಯೂ ತಾಯ್ತಂದೆಯರದು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಸಂಜೆ ನಾವು ಕಲಿತ ಪಾಠವೊಂದಿದೆ. ಹೆಸರಿನ ಸದ್ದನ್ನು ಕುರಿತ ಚಿಂತೆ ಹಗುರವಾದುದಲ್ಲ. ಏಕೆಂದರೆ ಹೆಸರು ಬರೆಯುವುದಕ್ಕಿಂತ ಮೊದಲು ಕರೆಯುವ ಸಲುವಾಗಿ ಇರುವುದು. ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಪ್ರಭು ಕ್ರಿಸ್ತರು ಹೇಳಿದರು. ಪುನರುತ್ಥಾನದ ಬೆಳಗ್ಗೆ ಮಗ್ದಲದ ಮರಿಯಳು ಎದುರಿಗಿದ್ದ ಪ್ರಭುವನ್ನು ಕಣ್ಣಿನಿಂದ ಗುರುತಿಸಲಾರದೆ, ಅವರು ಹೆಸರು ಹಿಡಿದು ಕರೆದಾಗ ಗುರುತಿಸಿದಳು. ಕರೆಯುವವರಿಗೆ ಕರೆಯಲು ಬರಬೇಕು, ಕರೆಸಿಕೊಳ್ಳುವವನಿಗೆ ತಾನೆಂದು ತಿಳಿಯಬೇಕು. ಹೆಸರಿನ ಇಂಪೆಂದರೆ ಇದೇ.

ಆದುದರಿಂದ ಚಿಕ್ಕ ಉಪನಾಮದ ಎಳೆಯ ದಂಪತಿಗಳಿಗೆ ನಮ್ಮ ಸಲಹೆ ಇಷ್ಟೆ. ಮೊದಲು ಒಬ್ಬ ವ್ಯಕ್ತಿಯನ್ನು ಆರಿಸಿಕೊಳ್ಳಿ. ಸಂತರಾಗಲಿ, ಅಜ್ಜ ಅಜ್ಜಿಯರಾಗಲಿ, ನಿಮ್ಮ ಬಾಳಿಗೆ ದೇವರು ತೋರಿದ ಕೃಪೆಯಾಗಲಿ ಆ ಹೆಸರಿನೊಳಗೆ ನೆಲೆಸಿರಲಿ. ಅನಂತರ ಆ ಹೆಸರಿನ ಹತ್ತು ರೂಪಗಳಲ್ಲಿ ನಿಮ್ಮ ಎರಡಕ್ಷರಕ್ಕೆ ಒಪ್ಪುವುದು ಯಾವುದೆಂದು ಕಿವಿಯಿಂದ ಕೇಳಿ. ಕಾಗದದ ಮೇಲೆ ಬರೆದು ನೋಡಿದರೆ ಸಾಲದು. ಅಂಗಳಕ್ಕೆ ಇಳಿದು ಕೂಗಿ ನೋಡಿ. ಮನೆಯಲ್ಲಿರುವ ಅತ್ಯಂತ ಹಿರಿಯರಿಂದ ಒಮ್ಮೆ ಹೇಳಿಸಿ ನೋಡಿ. ಹೆಸರನ್ನು ಒಂದೇ ಕಾಗುಣಿತದಲ್ಲಿ ಎಲ್ಲ ಪುಸ್ತಕಗಳಲ್ಲೂ ಬರೆಸಿ.

ಆ ಹೆಸರನ್ನು ಮುಂದೆ ಶಾಲೆಯ ಹಾಜರಿಯಲ್ಲಿ ಕೂಗುತ್ತಾರೆ, ದೃಢೀಕರಣದ ದಿನ ಧರ್ಮಾಧ್ಯಕ್ಷರು ಉಚ್ಚರಿಸುತ್ತಾರೆ, ಮದುವೆಗೆ ಮುನ್ನ ಭಾನುವಾರದ ಬಲಿಪೂಜೆಯಲ್ಲಿ ಎಲ್ಲರ ಮುಂದೆ ಓದುತ್ತಾರೆ. ಕೊನೆಗೆ ಒಂದು ದಿನ, ಆಗ ನಾವ್ಯಾರೂ ಇರುವುದಿಲ್ಲ, ಸಮಾಧಿಯ ಬಳಿ ನಿಂತ ಗುರುವೊಬ್ಬರು ಅದೇ ಹೆಸರನ್ನು ಹಿಡಿದು ಆ ಆತ್ಮವನ್ನು ದೇವರ ಕೈಗೆ ಒಪ್ಪಿಸುತ್ತಾರೆ. ಇಷ್ಟು ದೂರ ಹೋಗಬೇಕಾದ ಹೆಸರನ್ನು ಆರಿಸಲು ಒಂದೆರಡು ಸಂಜೆ ಮನೆಯವರೆಲ್ಲ ಒಟ್ಟಿಗೆ ಕುಳಿತು, ತೇರ್ಸದ ಪ್ರಾರ್ಥನೆ ಮುಗಿಸಿ, ಶಾಂತವಾಗಿ ಮಾತನಾಡಿಕೊಂಡರೆ ಆ ಹೊತ್ತು ವ್ಯರ್ಥವಾಗದು.